ಗಾಳ ಕೊಳ್ಳುವ ಮೊದಲು ನೀರು ನೋಡಿ

ಮನೆಯ ಹುಡುಗನಿಗೋ ಹುಡುಗಿಗೋ ಮೀನು ಹಿಡಿಯುವ ಹುಚ್ಚು ಹತ್ತಿತೆಂದರೆ ಸಾಮಾನ್ಯವಾಗಿ ಎರಡರಲ್ಲಿ ಒಂದು ನಡೆಯುತ್ತದೆ. ಒಂದೋ ಅಪ್ಪ ಫೋನಿನಲ್ಲಿ ರಾಡು, ರೀಲುಗಳ ಬೆಲೆ ನೋಡತೊಡಗುತ್ತಾರೆ, ಇಲ್ಲವೇ ಅಮ್ಮ “ಇನ್ನೊಂದು ಸಲ ಕೆರೆ ಕಡೆ ಹೋದರೆ ಕಾಲು ಮುರೀತೀನಿ” ಎಂದು ಗದರುತ್ತಾರೆ. ಎರಡೂ ಆತುರದ ತೀರ್ಮಾನ. ಈ ಹುಚ್ಚು ಬೆಳೆಯಲು ದುಡ್ಡು ಬೇಕಿಲ್ಲ. ಗದರಿದರೆ ಬಿಟ್ಟುಹೋಗುವಂಥದ್ದೂ ಇದಲ್ಲ. ಮಕ್ಕಳು ಹೇಳದೆ ಹೋಗುವುದನ್ನು ಕಲಿಯುತ್ತಾರೆ, ಅಷ್ಟೆ. ಅವರಿಗೆ ಬೇಕಿರುವುದು ಜೊತೆಗೆ ಬಂದು ದಡದಲ್ಲಿ ಕೂರುವ ಒಬ್ಬ ದೊಡ್ಡವರು, ಒಂದು ಬಿದಿರು ಕೋಲು, ಆಮೇಲೆ ಯಾವ ನೀರಿನಲ್ಲಿ ಏನಿದೆ, ಆ ನೀರು ಯಾರದು, ಅಪಾಯ ಎಲ್ಲಿ ಕೂತಿದೆ ಎನ್ನುವ ತಿಳಿವಳಿಕೆ. ಈ ಕೊನೆಯದು ಅಂಗಡಿಯಲ್ಲಿ ಸಿಗುವುದಿಲ್ಲ. ಹಾಗಾಗಿ ಈ ಲೇಖನದ ಹೆಚ್ಚಿನ ಭಾಗ ಅದರ ಬಗ್ಗೆಯೇ.

ಕರ್ನಾಟಕಕ್ಕೂ ಗಾಳಕ್ಕೂ ಇರುವ ನಂಟು ಹಳೆಯದು. ದಕ್ಷಿಣ ಕನ್ನಡದಲ್ಲಿ ಕಲೆಕ್ಟರ್ ಆಗಿದ್ದ ಹೆಚ್. ಎಸ್. ಥಾಮಸ್ ಎಂಬ ಬ್ರಿಟಿಷ್ ಅಧಿಕಾರಿ ಭಾರತದ ನದಿಗಳಲ್ಲಿ ಗಾಳ ಹಾಕುವುದರ ಬಗ್ಗೆ 1873ರಲ್ಲಿ ದೊಡ್ಡದೊಂದು ಪುಸ್ತಕ ಬರೆದ. ಆಮೇಲೆ ಕೆರೆಗಳಲ್ಲಿ ಗಾಳ ಹಾಕುವುದಕ್ಕೆಂದೇ ಇನ್ನೊಂದು ಬರೆದ. 1946ರಲ್ಲಿ ಮೈಸೂರಿನ ವ್ಯಾನ್ ಇಂಗನ್ ಮನೆತನದ ಡಿ ವೆಟ್ ವ್ಯಾನ್ ಇಂಗನ್ ಕಬಿನಿಯಲ್ಲಿ 120 ಪೌಂಡ್, ಅಂದರೆ ಸುಮಾರು 54 ಕಿಲೋ ತೂಕದ ಮಹಶೀರ್ ಮೀನು ಹಿಡಿದದ್ದು ಇಂದಿಗೂ ಗಾಳಗಾರರ ಬಾಯಲ್ಲಿದೆ. ನಮ್ಮವರಲ್ಲಿ ಸಾಹಿತಿ ಪೂರ್ಣಚಂದ್ರ ತೇಜಸ್ವಿಯವರಿಗೆ ಮೂಡಿಗೆರೆಯ ಸುತ್ತಮುತ್ತ ಗಾಳ ಹಿಡಿದು ಕೂರುವುದೆಂದರೆ ಪ್ರಾಣವಾಗಿತ್ತು. ಇವೆಲ್ಲಕ್ಕೂ ಮೊದಲು, ಯಾವ ಪುಸ್ತಕಕ್ಕೂ ಸೇರದೆ, ಬಯಲುಸೀಮೆಯ ಕೆರೆ ಏರಿಗಳ ಮೇಲೆ, ಮಲೆನಾಡಿನ ಹಳ್ಳಗಳಲ್ಲಿ ತಲೆಮಾರುಗಳಿಂದ ಮಕ್ಕಳು ಎರೆಹುಳು ಚುಚ್ಚಿಕೊಂಡು ಕೂತಿದ್ದಾರೆ.

ಕೆರೆ: ಮೊದಲ ಶಾಲೆ

ಕಲಿಯುವವರು ಕೆರೆಯಿಂದ ಶುರುಮಾಡಿ. ನಿಂತ ನೀರಿನಲ್ಲಿ ದಾರಕ್ಕೆ ಕಟ್ಟಿ ತೇಲಿಬಿಟ್ಟ ಬೆಂಡು ಹೇಳುವ ಮಾತು ಸ್ಪಷ್ಟವಾಗಿ ಕಾಣುತ್ತದೆ. ಹೊಳೆಯಲ್ಲಿ ಹರಿವು ಅದನ್ನು ಕದಡಿಬಿಡುತ್ತದೆ. ಮೊದಲ ದಿನ ಗಾಳ ಒಯ್ಯದೆ ಹೋದರೂ ಚಿಂತೆಯಿಲ್ಲ, ಕೆರೆಯನ್ನು ಒಂದು ಸುತ್ತು ಹಾಕಿ. ಏರಿ ಎಲ್ಲಿದೆ, ತೂಬು ಎಲ್ಲಿದೆ, ಕೋಡಿ ಯಾವ ಕಡೆ ಬೀಳುತ್ತದೆ, ನೀರು ಬರುವ ಹಳ್ಳ ಯಾವ ಮೂಲೆಯಲ್ಲಿ ಸೇರುತ್ತದೆ ನೋಡಿಕೊಳ್ಳಿ. ಸಾಮಾನ್ಯವಾಗಿ ಏರಿಯ ಬುಡ, ಅದರಲ್ಲೂ ತೂಬಿನ ಹತ್ತಿರ, ನೀರು ಹೆಚ್ಚು ಆಳ. ಬೇಸಿಗೆಯ ನಡು ಮಧ್ಯಾಹ್ನ ದೊಡ್ಡ ಮೀನು ತಂಪು ಹುಡುಕಿ ಆಳಕ್ಕೆ ಇಳಿಯುತ್ತದೆ. ಬೆಳಿಗ್ಗೆ, ಸಂಜೆ ಅದೇ ಮೀನು ಮೇವಿಗಾಗಿ ಹಿನ್ನೀರಿನ ಕಡೆಯ ಕಡಿಮೆ ಆಳಕ್ಕೆ, ಜೊಂಡು ಬೆಳೆದ ಅಂಚಿಗೆ ಬರುತ್ತದೆ. ಹೊಸ ನೀರು ಸೇರುವ ಬಾಯಿಯಲ್ಲಿ ಹುಳುಹುಪ್ಪಟೆ ಕೊಚ್ಚಿ ಬರುವುದರಿಂದ ಒಂದು ಒಳ್ಳೆಯ ಮಳೆ ಬಿದ್ದ ಮಾರನೆಯ ದಿನ ಅಲ್ಲಿ ಮೀನು ನೆರೆಯುತ್ತದೆ.

ನೀರಿನ ಮೇಲ್ಮೈ ನೋಡುವ ಅಭ್ಯಾಸ ಬೇಗ ಬೆಳೆಸಿಕೊಳ್ಳಿ. ತಳದಿಂದ ಸಣ್ಣ ಗುಳ್ಳೆಗಳು ಗೊಂಚಲಾಗಿ ಎದ್ದು, ಸ್ವಲ್ಪ ಮುಂದೆ ಮತ್ತೆ ಎದ್ದರೆ ಕೆಳಗೆ ಗೆಂಡೆಯಂಥ ಮೀನು ಕೆಸರು ಕೆದಕುತ್ತ ಸಾಗುತ್ತಿದೆ ಎಂದು ಊಹಿಸಬಹುದು. ಜೊಂಡಿನ ನಡುವೆ ‘ಗುಳುಂ’ ಎಂದು ಒಂಟಿ ಸದ್ದು ಬಂದರೆ ಕೊರಮೀನು ಗಾಳಿ ನುಂಗಲು ಮೇಲೆ ಬಂದಿರಬಹುದು. ಅದಕ್ಕೆ ಕಿವಿರಿನ ಜೊತೆಗೆ ನೇರವಾಗಿ ಗಾಳಿ ಉಸಿರಾಡುವ ಶಕ್ತಿಯೂ ಇದೆ. ಬೇಸಿಗೆಯ ಬೆಳಗಿನ ಜಾವ ಮೀನುಗಳೆಲ್ಲ ಮೇಲೆ ಬಂದು ಬಾಯಿ ತೆರೆದು ಗುಟುಕಿಸುತ್ತಿದ್ದರೆ, ಮೀನು ತುಂಬಾ ಇದೆ ಎಂದು ಹಿಗ್ಗುವವರೇ ಹೆಚ್ಚು. ಅವು ಹಸಿವಿನಿಂದ ಬಂದವಲ್ಲ. ರಾತ್ರಿಯಿಡೀ ಕಳೆ, ಪಾಚಿಗಳೂ ಉಸಿರಾಡಿ ನೀರಿನಲ್ಲಿ ಕರಗಿದ ಆಮ್ಲಜನಕ ಕುಸಿದಿರುತ್ತದೆ, ಮೀನು ಉಸಿರಿಗಾಗಿ ಒದ್ದಾಡುತ್ತಿರುತ್ತದೆ. ಆಗ ಗಾಳ ಹಾಕಬೇಡಿ. ಬಿಸಿಲು ಏರಿ ಸಸ್ಯಗಳು ಮತ್ತೆ ಆಮ್ಲಜನಕ ಬಿಡತೊಡಗಿದ ಮೇಲೆ ಮೀನು ಚೇತರಿಸಿಕೊಳ್ಳುತ್ತದೆ. ಹೊತ್ತು ಏರಿದರೂ ಗುಟುಕಿಸುವುದು ನಿಲ್ಲದಿದ್ದರೆ ಕೆರೆಯ ಮೀನನ್ನು ಗುತ್ತಿಗೆ ಹಿಡಿದವರಿಗೆ ತಿಳಿಸಿ, ಅವರಿಗೆ ಅದು ತುರ್ತಿನ ಸುದ್ದಿ.

ಈ ಕೆರೆಯ ಮೀನು ಯಾರದು

ಹುಡುಗರು ಹೆಚ್ಚಾಗಿ ಪೆಟ್ಟು ತಿನ್ನುವುದು ಈ ಪ್ರಶ್ನೆ ಕೇಳದ್ದಕ್ಕೆ. ಕೆರೆ ಊರಿನದೇ ಇರಬಹುದು, ಅದರೊಳಗಿನ ಮೀನು ಮಾತ್ರ ಬಹಳ ಕಡೆ ಹರಾಜಿನಲ್ಲೋ ಗುತ್ತಿಗೆಯಲ್ಲೋ ಯಾರಿಗೋ ಸೇರಿರುತ್ತದೆ: ಮೀನುಗಾರರ ಸಹಕಾರ ಸಂಘಕ್ಕೆ, ಇಲ್ಲವೇ ಪಂಚಾಯಿತಿಯಿಂದ ಹಿಡಿದ ಒಬ್ಬ ವ್ಯಕ್ತಿಗೆ. ಇದರ ಹಿಂದೆ ಒಂದು ಜೀವಶಾಸ್ತ್ರದ ಸಂಗತಿಯೂ ಇದೆ. ನಮ್ಮ ಕೆರೆಗಳಲ್ಲಿ ಹೆಚ್ಚಾಗಿ ಸಿಗುವ ಕಾಟ್ಲಾ, ರೋಹು, ಮೃಗಾಲ್ ಮೂರೂ ಗಂಗೆಯ ಬಯಲಿನ ಹೊಳೆಮೀನುಗಳು. ನಿಂತ ನೀರಿನಲ್ಲಿ ಅವು ತಾವಾಗಿ ಮರಿ ಮಾಡುವುದಿಲ್ಲ. 1957ರ ಜುಲೈ 10ರಂದು ಹೀರಾಲಾಲ್ ಚೌಧುರಿ ಮತ್ತು ಅವರ ಸಂಗಡಿಗರು ಒಡಿಶಾದಲ್ಲಿ ಪಿಟ್ಯುಟರಿ ಗ್ರಂಥಿಯ ಸಾರ ಚುಚ್ಚಿ ಈ ಜಾತಿಯ ಮೀನುಗಳಿಂದ ಮೊಟ್ಟೆ ಇಡಿಸುವುದರಲ್ಲಿ ಗೆದ್ದರು. ಆ ನೆನಪಿಗೇ ಜುಲೈ 10 ರಾಷ್ಟ್ರೀಯ ಮೀನು ಕೃಷಿಕರ ದಿನ. ಹಾಗೆ ಮರಿಮಾಡಿಸಿದ ಮೀನನ್ನು ಮಳೆಗಾಲದಲ್ಲಿ ಕೆರೆಗೆ ತಂದು ಬಿಡುತ್ತಾರೆ. ಅಂದರೆ ನಿಮ್ಮ ಗಾಳಕ್ಕೆ ಬಿದ್ದ ಎರಡು ಕಿಲೋ ಕಾಟ್ಲಾ ಯಾರೋ ದುಡ್ಡು ಕೊಟ್ಟು ತಂದು ಬಿಟ್ಟ ಮರಿ, ಅವರು ಒಂದೆರಡು ವರ್ಷ ಕಾದು ಬೆಳೆಸಿದ ಬೆಳೆ.

ಆದ್ದರಿಂದ ಹೋಗಿ ಕೇಳಿ. “ಅಣ್ಣಾ, ಗಾಳ ಹಾಕಿ ಕಲಿತಾ ಇದ್ದೀವಿ, ಏರಿ ಮೇಲೆ ಕೂರಬಹುದಾ? ದೊಡ್ಡದು ಬಿದ್ದರೆ ಬಿಡ್ತೀವಿ” ಎಂದು ಮಕ್ಕಳು ನೇರವಾಗಿ ಕೇಳಿದಾಗ ಬೇಡ ಎನ್ನುವವರು ಕಡಿಮೆ. ಕೆಲವರು ಜಿಲೇಬಿ ಮೀನು ಎಷ್ಟು ಬೇಕಾದರೂ ಹಿಡಿದುಕೊಂಡು ಹೋಗಿ ಎನ್ನುತ್ತಾರೆ, ಏಕೆಂದರೆ ಅದು ಅವರ ಮೀನಿನ ಮೇವು ತಿನ್ನುವ ಕಾಟ. ಕೆಲವರು ದಿನಕ್ಕಿಷ್ಟು ಎಂದು ಶುಲ್ಕ ಹೇಳಬಹುದು. ಸಂಘದ ಹಿರಿಯ ಮೀನುಗಾರರೊಬ್ಬರ ಪರಿಚಯವಾದರೆ ಅದು ಯಾವ ರಾಡಿಗಿಂತಲೂ ದೊಡ್ಡ ಸಂಪತ್ತು. ಬಲೆ ಹಾಕುವವರಿಗೆ ಆ ಕೆರೆಯ ತಳ ಅಂಗೈಯಷ್ಟು ಪರಿಚಿತ. ಯಾವ ತಿಂಗಳಲ್ಲಿ ಮೀನು ಯಾವ ಮೂಲೆಯಲ್ಲಿರುತ್ತದೆ ಎಂದು ಅವರು ಒಂದು ಮಾತಿನಲ್ಲಿ ಹೇಳುತ್ತಾರೆ.

ಜಲಾಶಯಗಳಿಗೆ ಮೀನುಗಾರಿಕೆ ಇಲಾಖೆಯ ಪರವಾನಗಿ ವ್ಯವಸ್ಥೆ ಇದೆ. ತಾಲ್ಲೂಕು ಮಟ್ಟದ ಕಚೇರಿಯಲ್ಲಿ ವಿಚಾರಿಸಿ. ರಾಜ್ಯದ ಒಳನಾಡು ಮೀನುಗಾರಿಕೆ ಕಾಯ್ದೆ ಬಂದದ್ದು 1996ರಲ್ಲಿ. ಸಿಡಿಮದ್ದು, ವಿಷ ಹಾಕಿ ಮೀನು ಹಿಡಿಯುವುದು ಶಿಕ್ಷಾರ್ಹ ಅಪರಾಧ. ಅಭಯಾರಣ್ಯ, ರಾಷ್ಟ್ರೀಯ ಉದ್ಯಾನಗಳ ಒಳಗಿನ ಹೊಳೆಗೆ ಗಾಳ ಒಯ್ಯುವ ಮಾತೇ ಇಲ್ಲ. ದೇವಸ್ಥಾನಗಳ ಮುಂದಿನ ಮತ್ಸ್ಯಧಾಮಗಳೂ ಅಷ್ಟೆ. ಶೃಂಗೇರಿಯ ತುಂಗೆ, ತೀರ್ಥಹಳ್ಳಿ ಬಳಿಯ ಚಿಬ್ಬಲಗುಡ್ಡೆ, ಕಾವೇರಿ ದಡದ ರಾಮನಾಥಪುರ, ಬೆಳ್ತಂಗಡಿ ತಾಲ್ಲೂಕಿನ ಶಿಶಿಲ, ಈ ಜಾಗಗಳಲ್ಲಿ ಜನ ದೇವರ ಮೀನೆಂದು ಅಕ್ಕಿ, ಪುರಿ ಹಾಕಿ ಕಾಪಾಡಿದ್ದರಿಂದಲೇ ಅಲ್ಲಿ ದೊಡ್ಡ ದೊಡ್ಡ ಮೀನು ಉಳಿದಿವೆ. ಶಿಶಿಲದಲ್ಲಿ 1996ರಲ್ಲಿ ಯಾರೋ ವಿಷ ಹಾಕಿ ಸಾವಿರಾರು ಮೀನು ಸತ್ತವು, ಊರಿನವರು ಆ ಮೀನುಗಳಿಗೆ ಸ್ಮಾರಕ ಕಟ್ಟಿದರು. ಗಾಳದ ಹುಚ್ಚಿರುವ ಮಕ್ಕಳನ್ನು ಇಂಥಲ್ಲಿಗೆ ಬರಿಗೈಯಲ್ಲಿ ಒಮ್ಮೆ ಕರೆದುಕೊಂಡು ಹೋಗಿ. ತಿಳಿನೀರಿನಲ್ಲಿ ಮೀನು ಹೇಗೆ ಹರಿವಿಗೆ ಮುಖ ಮಾಡಿ ನಿಲ್ಲುತ್ತದೆ, ಎಸೆದದ್ದನ್ನು ಹೇಗೆ ಹಿಡಿಯುತ್ತದೆ, ಯಾವುದು ಮುಂದೆ ನುಗ್ಗುತ್ತದೆ, ಯಾವುದು ಹಿಂದೆ ಉಳಿಯುತ್ತದೆ ಎಂಬುದನ್ನು ಕಣ್ಣಾರೆ ನೋಡಲು ಅದಕ್ಕಿಂತ ಒಳ್ಳೆಯ ಜಾಗ ಇಲ್ಲ.

ಕೋಲು, ದಾರ, ಗಾಳ

ಮೊದಲ ವರ್ಷಕ್ಕೆ ರೀಲು ಬೇಡ. ಹತ್ತು ಹನ್ನೆರಡು ಅಡಿ ಉದ್ದದ, ತುದಿ ಬಳುಕುವ ತೆಳು ಬಿದಿರು ಸಾಕು. ಮಲೆನಾಡಿನವರಿಗೆ ವಾಟೆ ಸಿಗುತ್ತದೆ, ಅದು ಇನ್ನೂ ಹಗುರ. ಹಸಿ ಕೋಲನ್ನು ನೆರಳಿನಲ್ಲಿ ನೇರವಾಗಿ ಕಟ್ಟಿ ಒಣಗಿಸಿ. ಕೋಲಿನಷ್ಟೇ ಉದ್ದದ ನೈಲಾನ್ ದಾರವನ್ನು ತುದಿಗೆ ಕಟ್ಟಿ. ಕೆರೆಯ ಸಣ್ಣ ಮೀನಿಗೆ 0.20 ಮಿಲಿಮೀಟರ್ ದಪ್ಪದ್ದು, ಕಿಲೋ ಗಾತ್ರದ ಗೆಂಡೆ ಬರಬಹುದೆನ್ನಿಸಿದರೆ 0.30ರದ್ದು ಸಾಕು. ದಾರ ದಪ್ಪವಾದಷ್ಟೂ ಮೀನಿಗೆ ಅನುಮಾನ ಹೆಚ್ಚು.

ಗಾಳದ ನಂಬರಿನ ಲೆಕ್ಕ ಹೊಸಬರಿಗೆ ಗೊಂದಲ ಹುಟ್ಟಿಸುತ್ತದೆ. ನಂಬರು ಹೆಚ್ಚಾದಷ್ಟೂ ಗಾಳ ಚಿಕ್ಕದು. 12, 10ನೇ ನಂಬರು ಪಕ್ಕೆ, ಸಣ್ಣ ಜಿಲೇಬಿಗಳಿಗೆ. 8ರಿಂದ 4ರವರೆಗಿನದು ರೋಹು, ಗೆಂಡೆಗಳಿಗೆ. 1ನ್ನು ದಾಟಿದ ಮೇಲೆ 1/0, 2/0 ಎಂದು ಬರೆದಿರುತ್ತದೆ, ಅಲ್ಲಿಂದ ಲೆಕ್ಕ ತಿರುವುಮುರುವು, ಅಂಕಿ ಏರಿದಂತೆ ಗಾಳವೂ ದೊಡ್ಡದಾಗುತ್ತದೆ. ಅದು ಕೊರಮೀನಿನಂಥ ಅಗಲ ಬಾಯಿಯವಕ್ಕೆ. ಅಂಗಡಿಯಿಂದ ತಂದ ಕೂಡಲೇ ಗಾಳದ ತುದಿಯ ಹಿಂದಿರುವ ಹಿಮ್ಮುಖ ಮುಳ್ಳನ್ನು ಇಕ್ಕಳದಿಂದ ಅಮುಕಿ ಮಟ್ಟ ಮಾಡಿಬಿಡಿ. ಮಕ್ಕಳ ವಿಷಯದಲ್ಲಿ ನನ್ನ ಪಟ್ಟು ಇದು. ದಾರ ಬಿಗಿಯಾಗಿ ಹಿಡಿದಿದ್ದರೆ ಮೀನು ತಪ್ಪಿಸಿಕೊಳ್ಳುವುದು ಅಪರೂಪ. ಬಿಡಬೇಕಾದ ಮೀನು ಗಾಯವಿಲ್ಲದೆ ಹೋಗುತ್ತದೆ. ಎಲ್ಲಕ್ಕಿಂತ ಮುಖ್ಯ, ಗಾಳ ಬೆರಳಿಗೋ ಕಿವಿಗೋ ಚುಚ್ಚಿಕೊಂಡರೆ ಬಂದ ದಾರಿಯಲ್ಲೇ ಹೊರಬರುತ್ತದೆ. ಮುಳ್ಳಿರುವ ಗಾಳ ಆಳಕ್ಕೆ ಹೊಕ್ಕರೆ ಎಳೆದು ಕೀಳಬೇಡಿ, ದಾರ ಕತ್ತರಿಸಿ ಹಾಗೇ ಆಸ್ಪತ್ರೆಗೆ ಹೋಗಿ, ಟೆಟನಸ್ ಚುಚ್ಚುಮದ್ದು ಕೇಳಿ.

ಗಂಟು ಒಂದೇ ಬಂದರೂ ನಡೆಯುತ್ತದೆ. ದಾರವನ್ನು ಗಾಳದ ಕಣ್ಣಿನಲ್ಲಿ ತೂರಿಸಿ, ತುದಿಯನ್ನು ಉದ್ದದ ದಾರಕ್ಕೆ ಐದಾರು ಸುತ್ತು ಸುತ್ತಿ, ಕಣ್ಣಿನ ಪಕ್ಕದಲ್ಲಿ ಉಳಿದ ಸಣ್ಣ ಕುಣಿಕೆಯೊಳಗೆ ಹಾಯಿಸಿ, ಎಂಜಲಿನಿಂದ ಒದ್ದೆ ಮಾಡಿ ನಿಧಾನಕ್ಕೆ ಬಿಗಿಯಿರಿ. ಒಣ ನೈಲಾನನ್ನು ಜೋರಾಗಿ ಬಿಗಿದರೆ ಉಜ್ಜಾಟದ ಬಿಸಿಗೆ ದಾರ ಅಲ್ಲೇ ದುರ್ಬಲವಾಗಿ, ಮೀನು ಎಳೆದಾಗ ಗಂಟಿನ ಬಳಿಯೇ ತುಂಡಾಗುತ್ತದೆ.

ಬೆಂಡಿಗೆ ಒಣಗಿದ ಜೋಳದ ದಂಟಿನ ತಿರುಳು, ಚಪ್ಪಲಿಯ ರಬ್ಬರ್ ತುಂಡು, ನೆಲಕ್ಕೆ ಬಿದ್ದು ಸಿಕ್ಕ ನವಿಲುಗರಿಯ ದಂಟು, ಏನಾದರೂ ಆದೀತು. ಗಾಳಕ್ಕಿಂತ ಒಂದು ಗೇಣು ಮೇಲೆ ಭಾರಕ್ಕೆ ಸೀಸದ ಗುಂಡು ಕಟ್ಟುವುದು ರೂಢಿ. ಆ ಗುಂಡನ್ನು ಹಲ್ಲಿನಿಂದ ಕಚ್ಚಿ ಬಿಗಿಯುವುದನ್ನು ನೋಡುತ್ತಿರುತ್ತೇನೆ. ಸೀಸ ವಿಷ, ಅದರಲ್ಲೂ ಬೆಳೆಯುವ ಮಕ್ಕಳ ಮಿದುಳಿಗೆ. ಇಕ್ಕಳ ಬಳಸಿ, ಇಲ್ಲವೇ ಸೀಸವೇ ಬೇಡ, ಸೈಕಲ್ಲಿನ ಸಣ್ಣದೊಂದು ನಟ್ಟು ಆ ಕೆಲಸ ಮಾಡುತ್ತದೆ. ಬೆಂಡಿನ ತುದಿ ಮಾತ್ರ ನೀರಿನ ಮೇಲೆ ಕಾಣುವಷ್ಟು ಭಾರ ಇದ್ದರೆ ಹದ. ಬೆಂಡು ಪೂರ್ತಿ ತೇಲುತ್ತಿದ್ದರೆ ಮೀನು ಕಚ್ಚಿ ಎಳೆದಾಗ ತಡೆ ಗೊತ್ತಾಗಿ ಉಗುಳಿಬಿಡುತ್ತದೆ.

ಮೇವು, ಕಚ್ಚು, ಎಳೆತ

ಎರೆಹುಳು ಸರ್ವರೂ ಒಪ್ಪುವ ಮೇವು. ತಿಪ್ಪೆಯ ಅಂಚು, ಬಚ್ಚಲ ನೀರು ಹರಿಯುವ ಬಾಳೆಬುಡ ಕೆದಕಿದರೆ ಸಿಗುತ್ತದೆ. ಒದ್ದೆ ಮಣ್ಣಿನ ಜೊತೆ ತೆಂಗಿನ ಚಿಪ್ಪಿನಲ್ಲಿ ಹಾಕಿ ನೆರಳಿನಲ್ಲಿಡಿ. ಅದಕ್ಕೆ ಸಣ್ಣ ಮೀನು ಮುತ್ತಿ ಕಾಟ ಕೊಟ್ಟರೆ ಹಿಟ್ಟಿಗೆ ಹೋಗಿ. ಕಡಲೆಕಾಯಿ ಹಿಂಡಿಯ ಪುಡಿ, ಅಕ್ಕಿ ತೌಡು, ಸ್ವಲ್ಪ ಮೈದಾ ಸೇರಿಸಿ ಗಟ್ಟಿಯಾಗಿ ಕಲಸಿದ ಉಂಡೆ ಗೆಂಡೆ, ರೋಹುಗಳಿಗೆ ಹಿಡಿಸುತ್ತದೆ. ಕಾವೇರಿಯಲ್ಲಿ ಮಹಶೀರ್ ಹಿಡಿಯಲು ಪ್ರಪಂಚದ ಮೂಲೆಮೂಲೆಯಿಂದ ಬರುತ್ತಿದ್ದವರೂ ಕೊನೆಗೆ ಗಾಳಕ್ಕೆ ಹಾಕುತ್ತಿದ್ದದ್ದು ನಮ್ಮ ಬೇಯಿಸಿದ ರಾಗಿ ಹಿಟ್ಟಿನ ಉಂಡೆ. ಅದೇ ರಾಗಿ ಮುದ್ದೆಯನ್ನು ಇನ್ನಷ್ಟು ಗಟ್ಟಿ ಮಾಡಿ ಕಡಲೆಕಾಳಿನಷ್ಟು ಗಾತ್ರದ ಉಂಡೆ ಕಟ್ಟಿದರೆ ಕೆರೆಗೂ ಸಲ್ಲುತ್ತದೆ. ಕೂತ ಜಾಗದಲ್ಲಿ ಹಿಡಿ ತೌಡು, ಹಿಂಡಿ ಮೊದಲೇ ಎರಚಿ ಸ್ವಲ್ಪ ಹೊತ್ತು ಕಾದರೆ ಮೀನು ಸೇರುತ್ತದೆ. ಹೆಚ್ಚು ಹಾಕಿದರೆ ಹೊಟ್ಟೆ ತುಂಬಿಸಿಕೊಂಡು ಹೊರಟುಹೋಗುತ್ತದೆ, ಸಣ್ಣ ಹೊಂಡವಾದರೆ ನೀರೂ ಕೊಳೆಯುತ್ತದೆ.

ಮೇವು ಎಷ್ಟು ಆಳದಲ್ಲಿರಬೇಕು ಎನ್ನುವುದನ್ನು ಮೀನಿನ ಬಾಯಿ ಹೇಳುತ್ತದೆ. ಮಾರುಕಟ್ಟೆಯಲ್ಲಿ ಒಂದು ಕಾಟ್ಲಾ ನೋಡಿ, ಬಾಯಿ ಮೇಲ್ಮುಖ. ಅದು ಮೇಲಿನ ನೀರಿನಲ್ಲಿ ಮೇಯುವ ಮೀನು. ರೋಹು ನಡುನೀರಿನದು. ಮೃಗಾಲ್, ಗೆಂಡೆಗಳ ಬಾಯಿ ಕೆಳಕ್ಕೆ ಬಾಗಿದೆ, ಅವು ತಳ ಕೆದಕುವವು. ಗೆಂಡೆ ಬೇಕಿದ್ದರೆ ಮೇವು ತಳ ಮುಟ್ಟಬೇಕು. ಬೆಂಡನ್ನು ದಾರದ ಮೇಲೆ ಸರಿಸುತ್ತ ಆಳ ಅಳೆದು ನೋಡಿ. ಬೆಂಡು ವಾಲಿ ಮಲಗಿದರೆ ಭಾರ ತಳಕ್ಕೆ ಕೂತಿದೆ ಎಂದರ್ಥ.

ಬೆಂಡು ಟಕಟಕ ಕುಣಿದರೆ ಸಣ್ಣ ಮೀನು ಮೇವು ಕುಕ್ಕುತ್ತಿದೆ, ಎಳೆಯಬೇಡಿ. ನಿಧಾನವಾಗಿ ಪಕ್ಕಕ್ಕೆ ಸರಿಯುತ್ತ ಮುಳುಗಿದರೆ ಎಳೆಯುವ ಹೊತ್ತು. ತಳಕ್ಕೆ ಬಿಟ್ಟ ಮೇವಿನಲ್ಲಿ ಇದ್ದಕ್ಕಿದ್ದಂತೆ ಬೆಂಡು ಮೇಲೆದ್ದು ಮಲಗಿದರೆ ಏನೂ ಆಗಿಲ್ಲ ಎಂದುಕೊಳ್ಳಬೇಡಿ. ಗೆಂಡೆ ಮೇವನ್ನು ಬಾಯಿಗೆ ತೆಗೆದುಕೊಂಡು ತಲೆ ಎತ್ತಿದೆ, ಭಾರವೂ ಅದರೊಡನೆ ಎದ್ದಿದೆ. ಎಳೆತವೆಂದರೆ ತಲೆಯ ಮೇಲಿಂದ ಮೀನನ್ನು ಹಾರಿಸುವುದಲ್ಲ. ಮಣಿಕಟ್ಟನ್ನು ಒಂದಿಷ್ಟು ಮೇಲೆತ್ತಿದರೆ ಗಾಳ ನಾಟುತ್ತದೆ. ಆಮೇಲೆ ಕೋಲು ಬಾಗಿದ ಸ್ಥಿತಿಯಲ್ಲೇ ಇರಲಿ, ಮೀನಿನ ಸೆಳೆತವನ್ನೆಲ್ಲ ಆ ಬಾಗು ನುಂಗುತ್ತದೆ. ದಣಿದ ಮೇಲೆ ದಡದತ್ತ ತನ್ನಿ.

ಬಿದಿರು ಕೋಲಿನಲ್ಲಿ ಕೈ ಪಳಗಿದ ಮೇಲೆ ಏಳಡಿಯ ರಾಡು, ಮಧ್ಯಮ ಗಾತ್ರದ ಸ್ಪಿನ್ನಿಂಗ್ ರೀಲು ತೆಗೆದುಕೊಳ್ಳಬಹುದು. ಕಾರ್ಬನ್ ರಾಡಿನಲ್ಲಿ ವಿದ್ಯುತ್ ಹರಿಯುತ್ತದೆ. ಕಾಲುವೆ, ಕೆರೆಗಳ ಮೇಲೆ ಹಾದ ತಂತಿಗಳ ಕೆಳಗೆ ಅದನ್ನು ಎತ್ತಿ ಬೀಸಬಾರದು, ಗುಡುಗು ಕೇಳಿದ ಕೂಡಲೇ ಮಡಿಸಿಟ್ಟು ಹೊರಡಬೇಕು. ರೀಲು ಬಂದ ಮೇಲಿನ ದೊಡ್ಡ ಸುಖ ಕೊರಮೀನು. ಕಳೆಯ ಮೇಲೆ ರಬ್ಬರ್ ಕಪ್ಪೆಯನ್ನು ಕುಪ್ಪಳಿಸುತ್ತ ಎಳೆದರೆ ನೀರು ಸಿಡಿದು ಬಂದು ಹಿಡಿಯುತ್ತದೆ. ಆದರೆ ನೀರಿನ ಮೇಲೆ ಕೆಂಪು ಕಿತ್ತಳೆ ಬಣ್ಣದ ಎಳೆ ಮರಿಗಳ ಗುಂಪು ಒಟ್ಟಾಗಿ ಏಳುತ್ತ ಮುಳುಗುತ್ತ ಇರುವುದು ಕಂಡರೆ ಅಲ್ಲಿ ಗಾಳ ಹಾಕಬೇಡಿ. ಕೆಳಗೆ ತಾಯಿ ತಂದೆ ಕಾವಲಿರುತ್ತವೆ. ಮರಿಗಳ ಹತ್ತಿರ ಬಂದ ಯಾವುದರ ಮೇಲಾದರೂ ಅವು ಎರಗುವುದರಿಂದ ಹಿಡಿಯುವುದು ಬಹಳ ಸುಲಭ. ದೊಡ್ಡದನ್ನು ತೆಗೆದರೆ ಬೇಗನೆ ಮರಿಗಳು ಬೇರೆ ಮೀನುಗಳ ಪಾಲು.

ಹೊಳೆಗೆ ಇಳಿದಾಗ

ಹೊಳೆಯ ಮೀನು ಹರಿವಿಗೆ ಎದುರಾಗಿ ನಿಂತು ತೇಲಿ ಬರುವ ಮೇವಿಗೆ ಕಾಯುತ್ತದೆ, ಶಕ್ತಿ ವ್ಯರ್ಥ ಮಾಡುವುದಿಲ್ಲ. ಬಂಡೆಯ ಹಿಂದಿನ ನಿಧಾನ ನೀರು, ಜೋರು ಹರಿವು ನಿಧಾನಕ್ಕೆ ತಾಗುವ ಗೆರೆ, ಹಳ್ಳ ಸೇರುವ ಬಾಯಿ, ನೀರಿನ ಮೇಲೆ ಬಾಗಿದ ಅತ್ತಿ, ನೇರಳೆ ಮರಗಳ ಕೆಳಗಿನ ಜಾಗ ನೋಡಿ. ಹಣ್ಣು ಬೀಳುವ ಕಾಲದಲ್ಲಿ ಅತ್ತಿಮರದ ಕೆಳಗೆ ಸದಾ ಏನಾದರೂ ಕಾದಿರುತ್ತದೆ. ಬೇಸಿಗೆಯಲ್ಲಿ ಹರಿವು ಕಡಿದಾಗ ಮೀನೆಲ್ಲ ಮಡುಗಳಲ್ಲಿ ಸೇರುತ್ತದೆ. ಆ ಮಡುವಿನ ಮೀನೇ ಮುಂದಿನ ಮಳೆಗೆ ಬೀಜ. ಅದಕ್ಕೇ ಬೇಸಿಗೆಯ ಮಡುವಿಗೆ ತೋಟೆ ಹಾಕುವುದು ಇಡೀ ಹೊಳೆಯನ್ನೇ ಬರಿದು ಮಾಡುವ ಕೆಲಸ. ಅಂಥದ್ದು ಕಂಡರೆ ಹುಡುಗರು ತಾವೇ ಎದುರು ನಿಲ್ಲಬಾರದು, ದೊಡ್ಡವರ ಮೂಲಕ ಪೊಲೀಸರಿಗೋ ಇಲಾಖೆಗೋ ತಿಳಿಸಲಿ.

ಮುಂಗಾರಿನ ಮೊದಲ ನೆರೆಗೆ ಮಲೆನಾಡಿನಲ್ಲಿ ಹತ್ತುಮೀನು ಏಳುತ್ತದೆ. ಹೊಳೆಯಿಂದ ಹಳ್ಳಕ್ಕೆ, ಹಳ್ಳದಿಂದ ಗದ್ದೆಗೆ ಮೊಟ್ಟೆ ಇಡಲು ಹತ್ತಿ ಬರುವ ಮೀನಿಗೆ ಕೂಳಿ ಇಡುವುದು, ದೊಂದಿ ಹಿಡಿದು ಕಡಿಯುವುದು ಅಲ್ಲಿಯ ಹಳೆಯ ಸಂಭ್ರಮ. ಹೊಳೆಯಲ್ಲಿ ಮೀನು ತುಂಬಿದ್ದ ಕಾಲಕ್ಕೆ ಅದು ನಡೆಯಿತು. ಈಗ ಅಣೆಕಟ್ಟು, ಕೀಟನಾಶಕ, ಮರಳುಗಾರಿಕೆಗಳನ್ನು ದಾಟಿ ಹತ್ತಿ ಬಂದ ಒಂದಿಷ್ಟನ್ನು ಬಸಿರಲ್ಲೇ ಹಿಡಿಯುವುದು ನನಗೆ ಒಪ್ಪಿಗೆಯಿಲ್ಲ. ಮುಂಗಾರಿನ ಆ ಒಂದೂವರೆ ಎರಡು ತಿಂಗಳು ಗಾಳ ಮೂಲೆಗಿಟ್ಟು, ಕೊಡೆ ಹಿಡಿದು ಹೋಗಿ ಮೀನು ಹತ್ತುವುದನ್ನು ನೋಡಿ ಬನ್ನಿ.

ಮಹಶೀರ್ ವಿಷಯ ಬೇರೆಯೇ ಹೇಳಬೇಕು. ಕಾವೇರಿ ಜಲಾನಯನದಲ್ಲಿ ಬಿಟ್ಟರೆ ಪ್ರಪಂಚದ ಬೇರೆಲ್ಲೂ ಇಲ್ಲದ ಡುಬ್ಬಮಹಶೀರ್ ಯಾವ ಜಾತಿಯೆಂದು ವಿಜ್ಞಾನಿಗಳು ಗುರುತಿಸಿ ಅದಕ್ಕೆ ಟಾರ್ ರೆಮಾದೇವಿ ಎಂಬ ಹೆಸರು ಖಚಿತಪಡಿಸಿದ್ದು 2018ರಲ್ಲಿ. ಅದೇ ವರ್ಷ ಅದು ಅಳಿವಿನ ತೀರಾ ಅಂಚಿನಲ್ಲಿರುವ ಜೀವಿಗಳ ಅಂತರರಾಷ್ಟ್ರೀಯ ಪಟ್ಟಿಗೆ ಸೇರಿತು. ವ್ಯಾನ್ ಇಂಗನ್ ಹಿಡಿದ ಮೀನಿನಂಥ ಗಾತ್ರಕ್ಕೆ ಬೆಳೆಯುತ್ತಿದ್ದದ್ದು ಇದೇ. ಅದು ಕುಗ್ಗಲು ಒಂದು ಕಾರಣ ಬೇಸರ ತರಿಸುವಂಥದ್ದು: ಹೊಳೆಗೆ ಮೀನು ತುಂಬಲಿ ಎಂಬ ಒಳ್ಳೆಯ ಉದ್ದೇಶದಿಂದಲೇ ಹೊರಗಿನಿಂದ ತಂದು ಬಿಟ್ಟ ನೀಲಿ ರೆಕ್ಕೆಯ ಮಹಶೀರ್ ಇದರ ಜಾಗ ಹಿಡಿಯಿತು. ಭೀಮೇಶ್ವರಿ, ದೊಡ್ಡಮಾಕಳಿ, ಗಾಳಿಬೋರೆಗಳ ಹೆಸರಾಂತ ಗಾಳದ ಶಿಬಿರಗಳಲ್ಲಿ ಹಿಡಿದ ಮೀನನ್ನು ತೂಗಿ ಮತ್ತೆ ನೀರಿಗೆ ಬಿಡುವುದು ನಿಯಮವಾಗಿತ್ತು. ಅಭಯಾರಣ್ಯದ ವ್ಯಾಪ್ತಿಯೆಂದು ಅಲ್ಲಿ ಗಾಳ ನಿಂತಿದೆ. ಬೇರೆಲ್ಲಾದರೂ ನಿಮ್ಮ ಗಾಳಕ್ಕೆ ದೊಡ್ಡ ಹುರುಪೆಯ, ದಪ್ಪ ತುಟಿಯ ಮಹಶೀರ್ ಬಿದ್ದರೆ ನೀರಿನಿಂದ ಎತ್ತದೆಯೇ ಗಾಳ ಬಿಡಿಸಿ.

ಬಿಡುವುದಕ್ಕೂ ಒಂದು ಕ್ರಮವಿದೆ. ಕೈ ಒದ್ದೆ ಮಾಡಿಕೊಳ್ಳಿ. ಒಣ ಕೈ ತಾಗಿದರೆ ಮೈಮೇಲಿನ ಲೋಳೆ ಕಿತ್ತುಬರುತ್ತದೆ, ಆ ಜಾಗದಿಂದ ರೋಗ ಹತ್ತುತ್ತದೆ. ಕಿವಿರಿಗೆ ಬೆರಳು ಹಾಕಿ ತೂಗಿಸಬೇಡಿ. ಫೋಟೋ ಬೇಕಿದ್ದರೆ ನೀವು ಉಸಿರು ಬಿಗಿಹಿಡಿಯಬಲ್ಲಷ್ಟು ಹೊತ್ತು ಮಾತ್ರ ಮೀನು ನೀರಿನ ಹೊರಗಿರಲಿ. ಆಮೇಲೆ ತಲೆ ಹರಿವಿನ ಎದುರಿಗೆ ಬರುವಂತೆ ಎರಡೂ ಕೈಯಲ್ಲಿ ಹಿಡಿದುಕೊಂಡಿರಿ, ಶಕ್ತಿ ಬಂದಾಗ ತಾನೇ ಕೈ ಬಿಡಿಸಿಕೊಂಡು ಹೋಗುತ್ತದೆ. ಎರಡು ಮೀನನ್ನು ಮಾತ್ರ ಬಿಡುವ ಹಾಗಿಲ್ಲ: ಕೇಂದ್ರ ಸರ್ಕಾರ 2000ದಲ್ಲೇ ಸಾಕಣೆ ನಿಷೇಧಿಸಿದ ಆಫ್ರಿಕನ್ ಕ್ಯಾಟ್‌ಫಿಶ್, ಮತ್ತು 1952ರಲ್ಲಿ ಭಾರತಕ್ಕೆ ಬಂದು ಈಗ ಎಲ್ಲ ನೀರಿಗೂ ಹಬ್ಬಿರುವ ಜಿಲೇಬಿ. ಮೊದಲನೆಯದು ಕೈಗೆ ಸಿಕ್ಕ ಜೀವವನ್ನೆಲ್ಲ ನುಂಗುತ್ತದೆ, ಎರಡನೆಯದು ಮೊಟ್ಟೆ, ಮರಿಗಳನ್ನು ಬಾಯಲ್ಲಿ ಕಾಪಾಡಿ ಮಿತಿಯಿಲ್ಲದೆ ಹೆಚ್ಚುತ್ತದೆ. ಹಾಗೆಯೇ ಒಂದು ಕೆರೆಯ ಮೀನನ್ನು ಬಕೆಟ್ಟಿನಲ್ಲಿ ಹೊತ್ತು ಇನ್ನೊಂದು ನೀರಿಗೆ ಹಾಕಬೇಡಿ, ಮನೆಯ ಅಕ್ವೇರಿಯಂ ಮೀನನ್ನಂತೂ ಖಂಡಿತ ಬೇಡ.

ನೀರಿನ ಅಪಾಯ

ತಂದೆತಾಯಂದಿರು ಈ ಭಾಗವನ್ನು ಎರಡು ಸಲ ಓದಬೇಕು. ಗಾಳ ಹಾಕಲು ಹೋಗುವ ಮಕ್ಕಳಿಗೆ ಈಜು ಬರಲೇಬೇಕು, ಬಂದರೂ ಒಂಟಿಯಾಗಿ ಹೋಗಬಾರದು. ಹೂಳು, ಇಟ್ಟಿಗೆ ಮಣ್ಣು ತೆಗೆದ ಕೆರೆಗಳ ಅಂಗಳದಲ್ಲಿ ಮೊಣಕಾಲುದ್ದ ನೀರಿನ ಪಕ್ಕದಲ್ಲೇ ಎರಡಾಳು ಆಳದ ಗುಂಡಿ ಇರುತ್ತದೆ, ನೀರು ತುಂಬಿದ ಮೇಲೆ ಅದು ಕಾಣುವುದಿಲ್ಲ. ಗಾಳ ಬುಡಕ್ಕೆ ಸಿಕ್ಕಿಕೊಂಡರೆ ಬಿಡಿಸಲು ಇಳಿಯಬೇಡಿ, ದಾರ ಕತ್ತರಿಸಿ.

ಕೃಷಿ ಹೊಂಡ ಇನ್ನೂ ಅಪಾಯ. ಪ್ಲಾಸ್ಟಿಕ್ ಹಾಳೆ ಹಾಸಿದ ಹೊಂಡಗಳ ಇಳಿಜಾರು ಪಾಚಿ ಹಿಡಿದು ಜಾರುತ್ತದೆ, ಬಿದ್ದವರು ಈಜು ಬಲ್ಲವರಾದರೂ ಹತ್ತಿ ಬರಲಾರರು. ರೈತರು ಮೀನು ಬಿಟ್ಟು ಗಾಳಕ್ಕೆ ಕರೆದರೂ, ಬೇಲಿ ಇದೆಯೇ, ನೀರಿಗೆ ಇಳಿಬಿಟ್ಟ ಗಂಟುಗಂಟಿನ ಹಗ್ಗವೋ ಹಳೆಯ ಟೈರೋ ಇದೆಯೇ ನೋಡಿ. ಇಲ್ಲದಿದ್ದರೆ ಅಲ್ಲಿ ಕೂರುವುದು ಬೇಡ. ಬಿದ್ದವರನ್ನು ಎತ್ತಲು ಹಿಂದೆಯೇ ಧುಮುಕಿ ಇಬ್ಬರೂ ಹೋದ ಸುದ್ದಿ ಪ್ರತಿ ಬೇಸಿಗೆಯೂ ಓದುತ್ತೇವೆ. ಹಗ್ಗ, ಕೋಲು, ಪಂಚೆ, ಖಾಲಿ ಕ್ಯಾನು ಕೈಗೆ ಸಿಕ್ಕಿದ್ದನ್ನು ಎಸೆಯಬೇಕು, ಜೋರಾಗಿ ಕೂಗಬೇಕು, ಧುಮುಕಬಾರದು.

ಅಣೆಕಟ್ಟಿನ ಕೆಳಗಿನ ಹೊಳೆಯಲ್ಲಿ ಆಕಾಶ ಶುಭ್ರವಾಗಿದ್ದರೂ ನೀರು ಏರಬಹುದು. ಕೆಆರ್‌ಎಸ್, ಕಬಿನಿಗಳಿಂದ ನೀರು ಬಿಡುವಾಗ ಎಚ್ಚರಿಕೆ ಕೊಡುತ್ತಾರೆ. ಕಾಳಿ, ಶರಾವತಿಗಳಲ್ಲಿ ವಿದ್ಯುತ್ ಉತ್ಪಾದನೆಗೆ ತಕ್ಕಂತೆ ಒಂದೇ ದಿನದಲ್ಲಿ ನೀರು ಏರಿ ಇಳಿಯುತ್ತದೆ. ನಡುಹೊಳೆಯ ಬಂಡೆ ಏರಿ ಕೂರುವುದು ಅದಕ್ಕೇ ಬೇಡ. ದಾಂಡೇಲಿಯ ಕಾಳಿ, ಶ್ರೀರಂಗಪಟ್ಟಣದ ಕಾವೇರಿ, ಕೃಷ್ಣೆ, ತುಂಗಭದ್ರೆಗಳಲ್ಲಿ ಮೊಸಳೆ ಇವೆ. ಅಂಥಲ್ಲಿ ನೀರಂಚಿನಲ್ಲಿ ಕುಕ್ಕರುಗಾಲಲ್ಲಿ ಕೂತು ಮೀನು ತೊಳೆಯುವಂತಿಲ್ಲ.

ಚೇಳುಮೀನು ಬಿದ್ದರೆ ಬರಿಗೈಯಲ್ಲಿ ಮುಟ್ಟಬೇಡಿ. ಅದರ ಪಕ್ಕದ ರೆಕ್ಕೆಗಳಲ್ಲಿ ವಿಷದ ಮುಳ್ಳಿದೆ. ಚುಚ್ಚಿದರೆ ಸುಡದ, ತಡೆದುಕೊಳ್ಳಬಲ್ಲಷ್ಟು ಬಿಸಿಯಾದ ನೀರಿನಲ್ಲಿ ಅರ್ಧ ಗಂಟೆಯಿಂದ ಒಂದು ಗಂಟೆ ಕೈ ಇಟ್ಟರೆ ನೋವು ಇಳಿಯುತ್ತದೆ; ಬಾವು ಏರಿದರೆ ವೈದ್ಯರ ಬಳಿ ಹೋಗಿ. ಏಳುವ ಮೊದಲು ತುಂಡಾದ ನೈಲಾನ್ ದಾರವನ್ನೆಲ್ಲ ಆರಿಸಿ ಜೇಬಿಗೆ ಹಾಕಿಕೊಳ್ಳಿ. ದಡದಲ್ಲಿ ಬಿಟ್ಟ ದಾರ ನೀರುಕಾಗೆ, ಕೊಕ್ಕರೆಗಳ ಕಾಲಿಗೆ ಸುತ್ತಿಕೊಂಡು ಅವು ಹಸಿದು ಸಾಯುತ್ತವೆ.

ಮನೆಗೆ ತಂದ ಮೀನು

ತಿನ್ನಲೆಂದು ಇಟ್ಟುಕೊಂಡ ಮೀನನ್ನು ದಡದಲ್ಲಿ ಒದ್ದಾಡಲು ಬಿಡಬೇಡಿ, ತಲೆಗೆ ಒಂದು ಗಟ್ಟಿ ಪೆಟ್ಟು ಕೊಟ್ಟು ಕೂಡಲೇ ಮುಗಿಸಿ. ಕರುಣೆಯೂ ಹೌದು, ಮಾಂಸವೂ ಕೆಡುವುದಿಲ್ಲ. ಒದ್ದೆ ಗೋಣಿಯಲ್ಲಿ ಸುತ್ತಿ ನೆರಳಿನಲ್ಲಿಡಿ.

ಯಾವ ಕೆರೆಯ ಮೀನು ತಿನ್ನಬಹುದು ಎಂದು ಮೊದಲೇ ತೀರ್ಮಾನಿಸಿಕೊಳ್ಳಿ. ಚರಂಡಿ, ಕಾರ್ಖಾನೆ ನೀರು ಸೇರುವ ಕೆರೆಯ ಮೀನು ಎಷ್ಟೇ ದಪ್ಪವಿದ್ದರೂ ಅಡುಗೆಮನೆಗೆ ಬೇಡ. ಭಾರಲೋಹಗಳು ಬೇಯಿಸಿದರೆ ಹೋಗುವುದಿಲ್ಲ. 2016ರ ಮಾರ್ಚಿನಲ್ಲಿ ಬೆಂಗಳೂರಿನ ಹಲಸೂರು ಕೆರೆಯಲ್ಲಿ ರಾಶಿ ರಾಶಿ ಮೀನು ಸತ್ತು ತೇಲಿದ್ದನ್ನು ನಗರದವರು ಮರೆತಿರಲಾರರು. ಅಂಥ ನೀರಿನಲ್ಲಿ ಗಾಳ ಹಾಕುವುದಿದ್ದರೆ ಹಿಡಿದು ಬಿಡುವುದಕ್ಕೆ ಮಾತ್ರ, ಕೈಯಲ್ಲಿ ಗಾಯವಿದ್ದರೆ ಅದೂ ಬೇಡ.

ಒಳ್ಳೆಯ ಕೆರೆಯ ಮೀನಿಗೂ ಒಮ್ಮೊಮ್ಮೆ ಮಣ್ಣಿನ ವಾಸನೆ ಇರುತ್ತದೆ. ನೀಲಿಹಸಿರು ಪಾಚಿ ಮತ್ತು ಕೆಲವು ಬ್ಯಾಕ್ಟೀರಿಯಾಗಳು ಬಿಡುವ ಜಿಯೋಸ್ಮಿನ್ ಎಂಬ ವಸ್ತು ಮೀನಿನ ಮೈಗೆ ಸೇರುವುದು ಅದಕ್ಕೆ ಕಾರಣ. ಬೇಸಿಗೆಯಲ್ಲಿ, ಕೆರೆ ಹಸಿರುಗಟ್ಟಿದಾಗ ಹೆಚ್ಚು. ಹುರುಪೆ ತೆಗೆದು, ಹೊಟ್ಟೆಯೊಳಗಿನ ಕಪ್ಪು ಪೊರೆ ಪೂರ್ತಿ ಉಜ್ಜಿ ತೆಗೆದು, ಕಲ್ಲುಪ್ಪು ಮತ್ತು ಹುಣಿಸೆ ರಸ ಸವರಿ ಕಾಲು ಗಂಟೆ ಇಟ್ಟು ತೊಳೆಯಿರಿ, ಹುಳಿ ಆ ವಾಸನೆಯನ್ನು ಬಹಳ ಮಟ್ಟಿಗೆ ಮುರಿಯುತ್ತದೆ. ಜಿಲೇಬಿಯಾದರೆ ಮೈಮೇಲೆ ಅಡ್ಡ ಗೀರಿ, ಖಾರದ ಪುಡಿ, ಅರಿಶಿನ, ಉಪ್ಪು, ನಿಂಬೆರಸ ಹಚ್ಚಿ ಕಾವಲಿಯಲ್ಲಿ ಹುರಿಯಿರಿ. ಪಕ್ಕೆಯಂಥ ಸಣ್ಣ ಮೀನಿಗೆ ಮುಳ್ಳು ಬಹಳ. ಅವನ್ನು ಗರಿಗರಿಯಾಗಿ ಹುರಿದರೆ ಮುಳ್ಳಿನ ಸಮೇತ ತಿನ್ನಬಹುದು.